ತಕರಾರಮ್ಮ ಕೆಂಪು ಮಾಡಿದ ಪರದೆ

ತರಕಾರಿ ತೂಕದಲ್ಲೂ ತಕರಾರು ತೆಗೆಯುತ್ತಾಳೆಂದು ಗಂಡ ಇಟ್ಟ ‘ತಕರಾರಮ್ಮ’ ಎಂಬ ಹೆಸರು ಅವಳ ಆಫೀಸಿಗೂ ಹಬ್ಬಿತ್ತು. ಆಸ್ಪತ್ರೆಯ ಉಸಿರಾಟದ ಯಂತ್ರಗಳ ಸಾಫ್ಟ್‌ವೇರ್ ಪರೀಕ್ಷಿಸುವುದು ಅವಳ ಕೆಲಸ. ಅಂದು ಹೊಸ ಬಗೆಯ ಪ್ರೊಸೆಸರ್ ಇದ್ದ ಯಂತ್ರ ಬಂದಿತ್ತು. ಪರೀಕ್ಷೆ ಶುರುವಾದದ್ದೇ ತಡ, ಪರದೆಯ ಮೇಲೆ ಹಸಿರು ಬಣ್ಣದಲ್ಲಿ ‘ಪಾಸ್’ ಎಂದು ಮೂಡಿತು. ಇಷ್ಟು ಬೇಗ ಮುಗಿದದ್ದು ಕಂಡು ಅವಳಿಗೆ ಅನುಮಾನ ಬಂತು.

ಪರೀಕ್ಷೆ ನಡೆಸುವ ಸ್ಕ್ರಿಪ್ಟ್ ತೆರೆದು ನೋಡಿದಳು. ಗುರುತಿಲ್ಲದ ಪ್ರೊಸೆಸರ್ ಎದುರಾದರೆ ಅದು ಪರೀಕ್ಷೆಗಳನ್ನು ಬಿಲ್ಡ್ ಮಾಡುತ್ತಲೇ, ಅಂದರೆ ಆ ಪ್ರೊಸೆಸರಿಗೆ ತಕ್ಕಂತೆ ಸಿದ್ಧಪಡಿಸುತ್ತಲೇ ಇರಲಿಲ್ಲ. ತಪ್ಪೇನೂ ಸಿಗಲಿಲ್ಲವೆಂದು ಸುಮ್ಮನೆ ಪಾಸ್ ಮಾಡಿಬಿಡುತ್ತಿತ್ತು.

“ಯಂತ್ರಗಳನ್ನ ಒಯ್ಯೋ ಲಾರಿ ಬಾಗಿಲಲ್ಲಿ ಕಾಯ್ತಿದೆ. ಮತ್ತೇನು ನಿನ್ನ ತಕರಾರು?” ಎಂದು ಮ್ಯಾನೇಜರ್ ಸಿಡುಕಿದ.

“ಪರೀಕ್ಷೆನೇ ನಡೆದಿಲ್ಲ ಸಾರ್. ಬರೀದೇ ಇರೋ ಪೇಪರಿಗೆ ಮಾರ್ಕ್ಸ್ ಕೊಟ್ಟ ಹಾಗಿದೆ.”

ಪ್ರೊಸೆಸರ್ ಗೊತ್ತಿಲ್ಲದಿದ್ದರೆ ಹಾಗೆಂದು ಹೇಳಿ ನಿಂತುಬಿಡುವಂತೆ ಅವಳು ಸ್ಕ್ರಿಪ್ಟ್ ತಿದ್ದಿದಳು. ಮತ್ತೆ ಓಡಿಸಿದಾಗ ಪರದೆ ಕೆಂಪಾಯಿತು. ಲಾರಿ ಖಾಲಿ ಹೋಯಿತು. ಇಡೀ ತಂಡ ಅವಳನ್ನು ದುರುಗುಟ್ಟಿ ನೋಡಿತು.

ಸಂಜೆ ಹೊಸ ಪ್ರೊಸೆಸರಿಗೆಂದೇ ಪರೀಕ್ಷೆಗಳನ್ನು ಬಿಲ್ಡ್ ಮಾಡಿ ಓಡಿಸಿದಾಗ ಎಲ್ಲರೂ ಪರದೆಯ ಸುತ್ತ ನಿಂತರು. ಗಾಳಿಯ ಒತ್ತಡ ಕುಸಿದರೂ ಯಂತ್ರದ ಎಚ್ಚರಿಕೆಯ ಗಂಟೆ ಹೊಡೆಯಲೇ ಇಲ್ಲ.

ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತ.

“ಇದು ಸರಿಯಾಗೋವರೆಗೂ ಒಂದು ಯಂತ್ರಾನೂ ಹೊರಗೆ ಹೋಗಲ್ಲ,” ಎಂದ.