ಘಾಟಿಯಲ್ಲಿ ದೊಡ್ಡಮ್ಮ ಕಣ್ಣು ಬಿಟ್ಟಿದ್ದು

ನನ್ನನ್ನು ಸಾಕಿದ್ದು ದೊಡ್ಡಮ್ಮ, ಅಮ್ಮನ ಅಕ್ಕ. ದೊಡ್ಡಬಳ್ಳಾಪುರದ ಅವರ ಮನೆಯಲ್ಲಿ ಎರಡು ಮಗ್ಗ ಓಡುತ್ತಿದ್ದವು. ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗದೆ, ಅವರೂ ದೊಡ್ಡಪ್ಪನೂ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದ್ದರು. ಮಗುವೇನೂ ಹುಟ್ಟಲಿಲ್ಲ. ಆಮೇಲೊಂದು ಬೇಸಿಗೆಯಲ್ಲಿ, ಅಮ್ಮನ ಮೂರನೆಯ ಮಗಳಾದ ನಾನು ನಾಲ್ಕು ದಿನಕ್ಕೆಂದು ಅವರ ಮನೆಗೆ ಹೋದವಳು ವಾಪಸು ಬರಲು ಒಪ್ಪಲೇ ಇಲ್ಲವಂತೆ. ಅಲ್ಲೇ ಉಳಿದುಬಿಟ್ಟೆ.

ಈಚೆಗೆ ಒಂದು ಬುಧವಾರ ನಾವಿಬ್ಬರೇ ಘಾಟಿಗೆ ಹೊರಟೆವು. ಅಲ್ಲಿನ ಮೂರ್ತಿ ಒಂದೇ ಕಲ್ಲಿನದು. ಮುಂದೆ ಪೂರ್ವಕ್ಕೆ ಮುಖಮಾಡಿ ಏಳು ಹೆಡೆಯ ಸುಬ್ರಹ್ಮಣ್ಯ, ಹಿಂದೆ ಪಶ್ಚಿಮಕ್ಕೆ ನರಸಿಂಹ. ಮುಂದೆ ನಿಂತವರಿಗೆ ಇಬ್ಬರೂ ಕಾಣಲೆಂದು ಮೂರ್ತಿಯ ಹಿಂದೆ ಕನ್ನಡಿ ಇಟ್ಟಿದ್ದಾರೆ. ಬಸ್ಸಿನಲ್ಲಿ ಆ ಮಾತು ಬಂತು.

“ನಾನು ನರಸಿಂಹನ್ನ ಒಂದ್ಸಲನೂ ನೋಡಿಲ್ಲ ಕಣೆ,” ಎಂದರು ದೊಡ್ಡಮ್ಮ.

“ಇಷ್ಟು ವರ್ಷ ಬಂದು?”

“ದೇವರ ಮುಂದೆ ಹೋದ ತಕ್ಷಣ ಕಣ್ಣು ಮುಚ್ಕೊಂಬಿಡ್ತೀನಿ. ಬಿಡೋ ಹೊತ್ಗೆ ಹಿಂದಿನೋರು ಆಚೆ ತಳ್ಬಿಟ್ಟಿರ್ತಾರೆ.”

ನನಗೆ ನಗು ತಡೆಯಲಾಗಲಿಲ್ಲ. ಈ ಸಲ ನೋಡಿಸಿಯೇ ಕರೆತರಬೇಕೆಂದುಕೊಂಡೆ.

ಜನ ಕಡಿಮೆಯಿತ್ತು. ಗೋಪುರ ದಾಟಿ ಒಳಗೆ ಹೋಗುತ್ತಿದ್ದಂತೆ ಬಿಸಿಲಿಗೆ ಕಾದ ಅಂಗಾಲಿಗೆ ಕಲ್ಲಿನ ತಂಪು ತಾಕಿತು. ಗರ್ಭಗುಡಿಯ ಮುಂದೆ ನಿಂತದ್ದೇ ತಡ, ದೊಡ್ಡಮ್ಮ ಕೈ ಮುಗಿದು ಕಣ್ಣು ಮುಚ್ಚಿದರು. ಮೊಣಕೈ ಚಿವುಟಿದೆ.

“ಕಣ್ಣು ಬಿಡು ದೊಡ್ಡಮ್ಮ. ಮೇಲೆ ನೋಡು, ಕನ್ನಡಿಲಿ.”

ಮೊದಲು ಒಂದು ಕಣ್ಣು ಬಿಟ್ಟರು. ಅರ್ಚಕರು ಮಂಗಳಾರತಿ ಎತ್ತಿದರು, ಬೆಳಕು ಕನ್ನಡಿಗೆ ಬಿತ್ತು. ದೊಡ್ಡಮ್ಮನ ಇನ್ನೊಂದು ಕಣ್ಣೂ ಬಿಟ್ಟುಕೊಂಡಿತು.

“ಇಲ್ಲೇ ಇದ್ದಾನಲ್ಲೇ!” ಎಂದು ಅವರು ಜೋರಾಗಿ ಅಂದದ್ದಕ್ಕೆ ಹಿಂದಿನ ಸಾಲೆಲ್ಲ ನಕ್ಕಿತು.

ಅರ್ಚಕರೂ ನಕ್ಕರು. “ಗರುಡ ಹಾವುಗಳನ್ನ ಕಾಡ್ತಿದ್ದ ಕಾಲದಲ್ಲಿ ಅವನ್ನ ಕಾಪಾಡೋಕೆ ಬಂದು ನಿಂತಿದ್ದಮ್ಮ ನರಸಿಂಹಸ್ವಾಮಿ,” ಎಂದು ಹೇಳಿದರು.

“ಹಂಗಾದ್ರೆ ಬೆನ್ನಿಗೆ ಕಾವಲಿದ್ದಾನೆ ಅನ್ನಿ.”

ಅರ್ಚಕರು ಮತ್ತೊಮ್ಮೆ ಆರತಿ ಎತ್ತಿ ಹಿಡಿದರು. ದೊಡ್ಡಮ್ಮ ರೆಪ್ಪೆ ಮಿಟುಕಿಸದೆ ನೋಡಿದರು.

ಅಲ್ಲಿಂದ ನಾಗರಕಲ್ಲುಗಳ ಕಡೆ ಹೋದೆವು. ಅರಳಿಮರದ ಬುಡದಲ್ಲಿ ಸಾಲು ಸಾಲು ಕಲ್ಲು. ಒಂದರಲ್ಲಿ ಹೆಣೆದುಕೊಂಡ ಜೋಡಿ ಹಾವು, ಇನ್ನೊಂದರಲ್ಲಿ ಹೆಡೆಗಳ ನಡುವೆ ಪುಟ್ಟ ಲಿಂಗ. ಮಕ್ಕಳು ಬೇಕೆಂದು ಯಾರ್‍ಯಾರೋ ಬಂದು ನಿಲ್ಲಿಸಿ ಹೋದ ಕಲ್ಲುಗಳವು. ಎಡಗಡೆಯ ಮೂಲೆ ಮುಕ್ಕಾದದ್ದು ತಮ್ಮದೆಂದು ದೊಡ್ಡಮ್ಮ ನೇರವಾಗಿ ಅಲ್ಲಿಗೇ ನಡೆದರು. ನೋಡಿದರೆ ಅವರದೇ ವಯಸ್ಸಿನ ಒಬ್ಬ ಅಜ್ಜಿ ಅದಕ್ಕೆ ಹಾಲೆರೆಯುತ್ತಿದ್ದರು.

“ಇದು ನಮ್ದು ಕಣಮ್ಮ,” ಎಂದರು ದೊಡ್ಡಮ್ಮ.

“ನಮ್ದೇ ಇದು. ನಮ್ಮೆಜಮಾನ್ರು ಹೊಸಕೋಟೆಯಿಂದ ಬಂದು ಮಾಡ್ಸಿದ್ದು. ಆಮೇಲೇ ನನ್ನ ಮಗ ಹುಟ್ಟಿದ್ದು.”

ದೊಡ್ಡಮ್ಮ ನನ್ನ ತೋಳು ಹಿಡಿದು ಮುಂದಕ್ಕೆಳೆದರು. “ಇವಳೂ ಇದೇ ಕಲ್ಲಿನೋಳೇ.”

ಎರಡು ಮಕ್ಕಳ ತಾಯಿಯಾದ ನಾನು ಚಿಕ್ಕ ಹುಡುಗಿಯಂತೆ ಮುಂದೆ ಬಂದು ನಿಂತೆ. ಆ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಂಗಾದ್ರೆ ಇಬ್ರದ್ದೂ ಇರ್ಲಿ ಬಿಡಿ,” ಎಂದು ಹಾಲಿನ ಲೋಟ ನನ್ನ ಕೈಗಿತ್ತರು. ನಾನು ಹಾಲೆರೆದೆ. ಅವರಿಬ್ಬರೂ ಅರಿಸಿನ ಕುಂಕುಮವನ್ನು ಮೊದಲು ಕಲ್ಲಿಗೆ ಹಚ್ಚಿ, ಆಮೇಲೆ ಒಬ್ಬರಿಗೊಬ್ಬರು ಹಚ್ಚಿಕೊಂಡರು.

ನಾವು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನವನ್ನು ಮೂವರೂ ನೆರಳಲ್ಲಿ ಕೂತು ತಿಂದೆವು. ಆ ಅಜ್ಜಿಯ ಸೊಸೆ ಸೀರೆ ಆರಿಸುವಾಗ ಸುಲಭಕ್ಕೆ ಯಾವುದನ್ನೂ ಒಪ್ಪುವವಳಲ್ಲವಂತೆ. ದೊಡ್ಡಮ್ಮ ನೇಯ್ಗೆಯ ಗುಟ್ಟುಗಳನ್ನೆಲ್ಲ ಬಿಚ್ಚಿಟ್ಟರು. ಮಾತು ಮುಗಿಯುವಷ್ಟರಲ್ಲಿ ನಾವು ಎರಡು ಬಸ್ಸು ತಪ್ಪಿಸಿಕೊಂಡಿದ್ದೆವು.