ಹೊರಗಾಗದ ಹುಡುಗಿಯೂ ನರ್ಸಮ್ಮನೂ

ನರ್ಸಮ್ಮನ ಎಡಗೆನ್ನೆಯ ಮೇಲೆ ಸಿಡುಬಿನ ಮೂರು ಕುಳಿಗಳಿದ್ದವು. ಯೋಚನೆಗೆ ಬಿದ್ದಾಗ ಅವುಗಳಲ್ಲಿ ದೊಡ್ಡದಕ್ಕೆ ಬೆರಳ ತುದಿಯಿಟ್ಟು ಒತ್ತುತ್ತಿದ್ದರು. ಮಸ್ಕಿಯ ಸರ್ಕಾರಿ ದವಾಖಾನೆಯಲ್ಲಿ ಕೆಲಸ. ನಮ್ಮ ಹಿಂದಿನ ಓಣಿಯಲ್ಲಿ ಬಾಡಿಗೆಗಿದ್ದರು. ಅವರ ಚಪ್ಪಲಿಯ ಸಪ್ಪಳ ಕೇಳಿದರೆ ಸೂಜಿಗೆ ಹೆದರುವ ಮಕ್ಕಳು ಕಣಜದ ಹಿಂದೆ ಅಡಗುತ್ತಿದ್ದವು. ಯಾರ ಮನೆಗೆ ಹೋದರೂ ತಾವೇ ಚಹಾ ಕೇಳುವರು: "ಸಕ್ಕರಿ ಜಾಸ್ತಿ ಇರ್ಲಿ ಮತ್ತ!"

ಎಂಬತ್ತರ ದಶಕದ ಕೊನೆಯ ಮಾತು. ನನಗೆ ಹದಿನೇಳು. ಕುತ್ತಿಗೆಯಲ್ಲಿ ಎದ್ದ ಗಂಟು ಕ್ಯಾನ್ಸರ್ ಎಂದು ತಿಳಿದ ಮೇಲೆ, ಅಪ್ಪ ತಿಂಗಳು ತಿಂಗಳು ನನ್ನನ್ನು ಕರೆದುಕೊಂಡು ಸಿಂಧನೂರಿಗೆ ಹೋಗಿ ಬಸ್ಸು ಹಿಡಿದು, ದೂರದ ದೊಡ್ಡ ಆಸ್ಪತ್ರೆಯಲ್ಲಿ ನನಗೆ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಿದ್ದ. ಕೂದಲು ಉದುರಿತು. ಮೂರನೆಯ ತಿಂಗಳಿಗೆ ಮುಟ್ಟೂ ನಿಂತಿತು. ಕೂದಲಿನ ವಿಷಯ ಡಾಕ್ಟರು ಮೊದಲೇ ಹೇಳಿದ್ದರು. ಇದನ್ನು ಯಾರೂ ಹೇಳಿರಲಿಲ್ಲ. ಡಾಕ್ಟರು ಗಂಡಸು, ಪಕ್ಕದಲ್ಲಿ ಅಪ್ಪ, ಕೇಳುವುದಾದರೂ ಹೇಗೆ? ರೋಗ ಹೊಟ್ಟೆಗಿಳಿಯಿತೋ, ಮೈಯಲ್ಲಿ ರಕ್ತವೇ ತೀರಿತೋ, ನನಗೊಂದೂ ತಿಳಿಯಲಿಲ್ಲ.

ಅವ್ವನಿಗೆ ಓಣಿಯ ಚಿಂತೆ. ನಮ್ಮಲ್ಲಿ ಹೊರಗಾದವರು, ಅಂದರೆ ಮುಟ್ಟಾದವರು, ಮೂರು ದಿನ ದನದ ಕೊಟ್ಟಿಗೆಯ ಮಗ್ಗುಲಿಗೆ ಕೂಡಬೇಕು. ಮದುವೆಯಾಗದ ಹುಡುಗಿ ತಿಂಗಳುಗಟ್ಟಲೆ ಕೂಡದಿದ್ದರೆ ಜನ ಏನಂದಾರು? ಅವ್ವ ಕ್ಯಾಲೆಂಡರ್ ನೋಡಿ ಹೇಳಿದಳು: "ಸುಮ್ಮ ಹೋಗಿ ಕುಂದ್ರು. ಯಾರರ ಕೇಳಿದ್ರ ಹೊರಗಾಗೀನಿ ಅನ್ನು." ಏನೂ ಆಗದೆಯೇ ಹೋಗಿ ಕೂತೆ. ಎರಡನೆಯ ಸಲ ಕೂತಾಗ ಇಂಜೆಕ್ಷನ್ ಆಗಿ ಹತ್ತು ದಿನವಾಗಿತ್ತಷ್ಟೆ. ಸಗಣಿ, ಸೊಳ್ಳೆಗಳ ನಡುವೆ ಮೈ ಕೆಂಡದಂತೆ ಸುಡತೊಡಗಿತು.

ಅವ್ವ ಓಡಿಹೋಗಿ ನರ್ಸಮ್ಮನನ್ನು ಕರೆತಂದಳು. ನನ್ನನ್ನು ಮುಟ್ಟಿ ನೋಡಿದವರೇ ಗರಂ ಆದರು.

"ಇಂಜೆಕ್ಷನ್ ತಗೊಂಡ ಹುಡುಗಿ ಇದು. ಮೈಯಾಗ ಕಸುವಿರಂಗಿಲ್ಲ, ಸಣ್ಣ ಸೋಂಕೂ ಜೀವಕ್ಕ ಬರ್ತೈತಿ. ಇಲ್ಯಾಕ ಕುಂದ್ರಿಸೀರಿ?"

"ಹೊರಗಾಗ್ಯಾಳ್ರೀ," ಎಂದಳು ಅವ್ವ.

ನರ್ಸಮ್ಮ ನನ್ನತ್ತ ತಿರುಗಿದರು. "ಖರೇನೇನವ್ವ?"

ಅವ್ವನ ಮುಖ ನೋಡಿದೆ. ಇಲ್ಲವೆಂದು ತಲೆಯಾಡಿಸಿದೆ. ಅವ್ವ ಸೆರಗಿನಿಂದ ಮುಖ ಮುಚ್ಚಿ ಅಲ್ಲೇ ಕುಸಿದಳು. ನರ್ಸಮ್ಮ ಆಮೇಲೆ ಒಂದು ಮಾತೂ ಬೈಯಲಿಲ್ಲ. ಜೀಪು ತರಿಸಿ ಲಿಂಗಸುಗೂರಿನ ಆಸ್ಪತ್ರೆಗೆ ತಾವೇ ಕರೆದೊಯ್ದರು. ನಾಲ್ಕು ದಿನ ನನ್ನ ಮಂಚದ ಪಕ್ಕದಲ್ಲೇ ಇದ್ದರು.

ಮುಂದಿನ ಸಲ ರಜೆ ಹಾಕಿ ದೊಡ್ಡ ಆಸ್ಪತ್ರೆಗೂ ಬಂದರು. ಅಪ್ಪನನ್ನು ಹೊರಗೆ ನಿಲ್ಲಿಸಿ ಡಾಕ್ಟರನ್ನು ನೇರವಾಗಿ ಕೇಳಿದರು. ಔಷಧಿಯಿಂದಲೇ ನಿಂತಿದೆ, ಮತ್ತೆ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ವಾಪಸು ಬರುವ ಬಸ್ಸಿನಲ್ಲಿ ನಾನು ಕೇಳಿದೆ: "ಬರ್ತೈತೇನ್ರೀ? ನನಗ ಮಕ್ಕಳಾಗ್ತಾವೇನ್ರೀ?"

ನರ್ಸಮ್ಮ ಕೆನ್ನೆಯ ಕುಳಿ ಒತ್ತಿಕೊಂಡರು. "ನಿನಗ ಸುಳ್ಳು ಹೇಳಂಗಿಲ್ಲವ್ವ. ಅವ್ರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಂದೇನೂ ತಪ್ಪಿಲ್ಲ, ಅದೊಂದು ಗೊತ್ತೈತಿ."

ಚಿಕಿತ್ಸೆ ಮುಗಿದ ಮರುವರ್ಷ ಮುಟ್ಟು ಮರಳಿತು. ಅಷ್ಟರಲ್ಲಿ ಅವರಿಗೆ ಸಿಂಧನೂರಿಗೆ ವರ್ಗವಾಗಿತ್ತು. ಹೋಗಿ ಹೇಳಿದೆ. ವಾರ್ಡಿನ ನಡುವೆಯೇ ನನ್ನನ್ನು ಅಪ್ಪಿಕೊಂಡು ಅತ್ತರು. ಪೇಡೆ ತರಿಸಿ ಎಲ್ಲರಿಗೂ ಹಂಚಿದರು. ಯಾಕೆಂದು ಕೇಳಿದವರಿಗೆ, "ತಿನ್ರಿ ಸುಮ್ಮ," ಎಂದರು.

ನನ್ನ ಇಪ್ಪತ್ತೈದನೆಯ ವಯಸ್ಸಿಗೆ ಮುಟ್ಟು ಮತ್ತೆ ನಿಂತಿತು, ಈ ಸಲ ಶಾಶ್ವತವಾಗಿ. ರೋಗ ಮರಳಿರಲಿಲ್ಲ, ಹಳೆಯ ಔಷಧಿಯ ಪರಿಣಾಮವೇ ಇದು ಎಂದರು ಡಾಕ್ಟರು. ನಗಬೇಕೋ ಅಳಬೇಕೋ ತಿಳಿಯದೆ ನರ್ಸಮ್ಮನನ್ನು ಹುಡುಕಿಕೊಂಡು ಹೋದೆ. ನಿವೃತ್ತರಾಗಿ ಗೊರೇಬಾಳದ ತಂಗಿಯ ಮನೆಯಲ್ಲಿದ್ದರು, ಹಾಸಿಗೆ ಹಿಡಿದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೈ ಹಿಡಿದು ಕೇಳಿದರು: "ತಿಂಗಳಾ ತಿಂಗಳಾ ಸರಿ ಬರಾಕತ್ತೈತೇನವ್ವ?"

"ಬರಾಕತ್ತೈತ್ರೀ," ಎಂದೆ.

ಅವರ ಮುಖ ಅರಳಿತು. ಹದಿನೈದು ದಿನಕ್ಕೆ ತೀರಿಕೊಂಡರು.

ಆ ಮಾತು ಹೇಳಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ತಿಳಿದಿಲ್ಲ. ಏನೂ ತಿಳಿಯದಾದಾಗ ನಾನು ಹೋಗಿ ಕೇಳುತ್ತಿದ್ದುದು ಅವರೊಬ್ಬರನ್ನೇ.