ಬೀಗರ ಮೀನು

ಶಿವಪುತ್ರ ಕಾಕಾ ಮೀನು ಕೊಡುವ ಮೊದಲು ಆ ಮನೆಯ ನೀರಿನ ರುಚಿ ನೋಡುತ್ತಿದ್ದರು. ಗೋಕಾಕದ ನನ್ನ ಮನೆಗೂ ಹಾಗೆಯೇ ಬಂದರು. ಗಾಜಿನ ತೊಟ್ಟಿಯಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು, “ನಳದ ನೀರು ಎರಡ ದಿನಾ ಇಟ್ಟು ಹಾಕೀರಿ. ಮನಿತನ ಚಲೋ ಐತಿ” ಎಂದರು. ಆಮೇಲೆಯೇ ಚಹಾ ಮುಟ್ಟಿದರು.

ಕೊಣ್ಣೂರಿನಲ್ಲಿ ಅವರದು ಟೇಲರ್ ಅಂಗಡಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಮೀನು ಸಾಕುವವರೆಲ್ಲ ಸೇರಿ ಮಾಡಿಕೊಂಡ ಕ್ಲಬ್ಬಿಗೆ ಅವರೇ ಹಿರಿಯರು. ಘಟ್ಟದ ಕೆಳಗಿನ ಹಳ್ಳಗಳ ಒಂದು ಅಪರೂಪದ ಮೀನು ಅವರಲ್ಲಿತ್ತು. ಬೆರಳುದ್ದ, ಚೂಪು ಬಾಲ. ಗಂಡು ನೀರಿನ ಮೇಲೆ ನೊರೆಯ ಗೂಡು ಕಟ್ಟಿ ತತ್ತಿ ಕಾಯುತ್ತದೆ. ಅದನ್ನು ಮಾರುವಂತಿಲ್ಲ, ಪಡೆದವರು ಮರಿಯಾದಾಗ ಇನ್ನೊಂದು ಮನೆಗೆ ಜೋಡಿ ಕೊಡಬೇಕು. ಕೊಟ್ಟವರೂ ತಂದವರೂ ಅಂದಿನಿಂದ ಬೀಗರು.

“ಒಂದ ಮನ್ಯಾಗ ಇಟ್ರ ಒಂದ ತಪ್ಪಿಗೆ ವಂಶಾನ ಹೋಗ್ತೈತ್ರಿ” ಎನ್ನುತ್ತಿದ್ದರು. ಆದರೂ ಅವರ ಪರೀಕ್ಷೆಯಲ್ಲಿ ಪಾಸಾಗಿದ್ದು ನಾನೊಬ್ಬನೇ.

ನನಗೆ ಬಂದ ಜೋಡಿ ಎರಡು ಮೂಲೆಗಳಲ್ಲಿ ಎರಡು ಗೂಡು ಕಟ್ಟಿತು. ತಿಂಗಳಾದರೂ ತತ್ತಿಯಿಲ್ಲ. ಫೋನ್ ಮಾಡಿದೆ.

“ಎರಡೂ ಗೂಡು ಕಟ್ಟ್ಯಾವ?” ಕಾಕಾ ಕೇಳಿದರು. “ತಪ್ಪಾತ್ರಿ ಬೀಗರ. ಎರಡೂ ವರಾನ ಕಳಿಸೇನಿ.”

“ಮನಿ ಎರಡ ಕಟ್ಟಿ ನೋಡ್ಯಾವ್ರಿ ಕಾಕಾ, ಮದುವಿ ಮಾಡಿ ನೋಡೂದ ಉಳದೈತಿ.”

ಮರುದಿನವೇ ಬಸ್ಸಿನಲ್ಲಿ, ಮಡಿಲಲ್ಲಿ ಡಬ್ಬಿಯಿಟ್ಟುಕೊಂಡು ಹೆಣ್ಣನ್ನು ತಂದರು. ಒಂದು ಗಂಡನ್ನು ವಾಪಸು ಒಯ್ದರು.

ಮುಂದಿನ ಬೇಸಿಗೆಯಲ್ಲಿ ಅವರ ಮನೆಗೆ ಬಂದಿದ್ದ ನೆಂಟರು ಸೊಳ್ಳೆಗೆಂದು ಔಷಧ ಹೊಡೆದರು. ತೊಟ್ಟಿಯಲ್ಲಿ ಒಂದೂ ಉಳಿಯಲಿಲ್ಲ. ಕ್ಲಬ್ಬಿನಲ್ಲಿ ಆ ವಂಶವೆಂದರೆ ಈಗ ನನ್ನ ಮನೆಯ ಮೀನುಗಳು, ಅವುಗಳ ಹದಿನಾಲ್ಕು ಮರಿಗಳು.

ಮರಿಗಳು ಬಲಿತ ಮೇಲೆ ಒಂದು ಜೋಡಿಯನ್ನು ಕೊಣ್ಣೂರಿಗೆ ಒಯ್ದೆ. ಕಾಕಾ ತೊಟ್ಟಿ ತೊಳೆದು ಹೊಸ ನೀರು ತುಂಬಿಸಿದ್ದರು. ಡಬ್ಬಿಗೆ ಕೈಚಾಚಿದರು. ನಾನು ಕೊಡಲಿಲ್ಲ, ನೀರಿಗೆ ಬೆರಳದ್ದಿದೆ. ಅವರು ಕೈಕಟ್ಟಿ ನಿಂತರು.

“ಹೆಂಗೈತ್ರಿ?”

“ಇನ್ನೂ ಔಷಧದ ವಾಸನಿ ಐತ್ರಿ ಕಾಕಾ. ಹದಿನೈದು ದಿನ ತಡೀರಿ.”

ಅಳತೆ ಪಟ್ಟಿ ಕೊರಳಿಂದ ಜಾರುವಷ್ಟು ನಕ್ಕರು. “ಬೀಗರು ಕಲತ್ರು! ನಾಲಿಗಿ ತೊಳಕೋರಿ, ಚಹಾ ಕುಡಿಯೂನು.”

ಹನ್ನೆರಡನೇ ದಿನ ಕಾಕಾ ತೀರಿಕೊಂಡರು. ಅವರಿಗೆಂದು ಇಟ್ಟಿದ್ದ ಜೋಡಿ ಮೂಡಲಗಿಗೆ ಹೋಯಿತು. ಅಲ್ಲಿಂದ ಇನ್ನೆರಡು ಮನೆಗೆ. ಈಗ ಹುಕ್ಕೇರಿಯ ಹೊಸಬರೊಬ್ಬರು ಕೇಳಿದ್ದಾರೆ. ಭಾನುವಾರ ನೀರು ನೋಡಲು ಹೋಗಬೇಕು. ಚಹಾ ಆಮೇಲೆ.